ಸೊಸೆ ಓದಲಿ ಅಂದ ಮಾವ, ಶಾಲೆ ನಡೆಸಿದ ಸೊಸೆ

ನಾನು ಸಂಡೂರಿನಿಂದ ಮಾತಾಡ್ತಿದ್ದೀನಿ. ಬಸ್ಸಿನಲ್ಲೋ ಹಾಸ್ಟೆಲಿನಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ನಿಮಗೆ ಮೊದಲು ನಮ್ಮ ಮನೆಯದೇ ಒಂದು ಮಾತು. ನಮ್ಮವ್ವ ಏಳನೇ ಕ್ಲಾಸಿಗೆ ಓದು ಬಿಟ್ಟಳು. ಫೇಲಾಗಿ ಅಲ್ಲ, ಮುಂದಿನ ಶಾಲೆ ದೂರ ಇತ್ತು, ಮನೇಲಿ ಮದುವೆ ಮಾತು ಶುರುವಾಗಿತ್ತು. ಅದಕ್ಕೇ ಇವತ್ತಿನ ಕಥೆಯನ್ನ ಮೊದಲು ಅವ್ವನಿಗೇ ಓದಿ ಹೇಳಿದೆ.

ಕಥೆ ಉಮಾಬಾಯಿ ಕುಂದಾಪುರ ಅವರದ್ದು. 1892ರಲ್ಲಿ ಮಂಗಳೂರಿನಲ್ಲಿ ಹುಟ್ಟಿದರು. ತವರಿನ ಹೆಸರು ಭವಾನಿ. ಹದಿಮೂರನೇ ವಯಸ್ಸಿಗೆ ಸಂಜೀವರಾವ್ ಕುಂದಾಪುರ ಅವರ ಜೊತೆ ಮದುವೆ. ಅಲ್ಲಿಗೆ ಓದು ಮುಗೀಬೇಕಿತ್ತು. ಆದರೆ ಮಾವ ಆನಂದರಾವ್, ಸೊಸೆ ಓದಲಿ ಅಂದರು. ಮದುವೆಯಾದ ಮೇಲೇ ಉಮಾಬಾಯಿ ಮೆಟ್ರಿಕ್ ಪಾಸಾದರು. ಆಮೇಲೆ ಮುಂಬೈಯಲ್ಲಿ ಹೆಂಗಸರಿಗೆ ಅಕ್ಷರ ಕಲಿಸುವ ಕೆಲಸಕ್ಕೆ ಇಳಿದರು.

1923ರಲ್ಲಿ ಗಂಡ ತೀರಿಕೊಂಡರು. ವಿಧವೆ ಹೊಸಿಲು ದಾಟಿದರೆ ಊರೆಲ್ಲ ಮಾತಾಡುತ್ತಿದ್ದ ಕಾಲ ಅದು. ಆಗಲೂ ಮಾವ ಕೈಬಿಡಲಿಲ್ಲ. ಇಬ್ಬರೂ ಹುಬ್ಬಳ್ಳಿಗೆ ಬಂದರು. ಮಾವ ಕರ್ನಾಟಕ ಪ್ರೆಸ್ ಶುರುಮಾಡಿದರು. ಡಾ. ನಾ. ಸು. ಹರ್ಡೀಕರ್ ಅವರ ತಿಲಕ್ ಕನ್ಯಾ ಶಾಲೆಯ ಹೊಣೆ ಉಮಾಬಾಯಿಯವರ ಕೈಗೆ ಬಂತು. ಹೆಣ್ಣುಮಕ್ಕಳಿಗಾಗಿ ಭಗಿನಿ ಮಂಡಳವನ್ನೂ ಕಟ್ಟಿದರು.

1924ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ. ನಮ್ಮ ಕಡೆಯವರಿಗೆ ಖುಷಿಯ ಸಂಗತಿ ಏನಂದ್ರೆ, ಆ ಜಾಗಕ್ಕೆ ಇಟ್ಟ ಹೆಸರು ವಿಜಯನಗರ, ಅಲ್ಲಿ ತೋಡಿದ ಬಾವಿಯ ಹೆಸರು ಪಂಪಾ ಸರೋವರ! ಅಲ್ಲಿಗೆ ಉಮಾಬಾಯಿ 150ಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಸೇರಿಸಿದರು. ಊರೂರು ತಿರುಗಿ, ಹೆಂಗಸರನ್ನ ಮನೆಯಿಂದ ಹೊರಗೆ ಕರೆತಂದು ಮಾಡಿದ ಕೆಲಸ ಅದು.

1932ರಲ್ಲಿ ಬಂಧನವಾಯಿತು. ಯರವಡಾ ಜೈಲಿನಲ್ಲಿ ನಾಲ್ಕು ತಿಂಗಳು. ಒಳಗಿದ್ದಾಗಲೇ ಮಾವ ಹೋಗಿಬಿಟ್ಟರು. ಜೊತೆಗಿದ್ದ ಕಮಲಾದೇವಿ ಚಟ್ಟೋಪಾಧ್ಯಾಯ ಸಮಾಧಾನ ಹೇಳಿದರು. ಹೊರಗೆ ಬಂದು ನೋಡಿದರೆ ಪ್ರೆಸ್ ಜಪ್ತಿ, ಶಾಲೆಗೆ ಬೀಗಮುದ್ರೆ. ಭಗಿನಿ ಮಂಡಳ ಕಾನೂನುಬಾಹಿರ ಸಂಸ್ಥೆ ಅಂತ ಸರ್ಕಾರದ ಘೋಷಣೆ.

ನಾನಾಗಿದ್ದರೆ ಅಲ್ಲಿಗೇ ಸಾಕು ಅಂತಿದ್ದೆ. ಅವರು ಅನ್ನಲಿಲ್ಲ. 1934ರ ಬಿಹಾರ ಭೂಕಂಪವಾದಾಗ ಸ್ವಯಂಸೇವಕಿಯರ ಜೊತೆ ಪರಿಹಾರ ಕೆಲಸಕ್ಕೆ ಹೋದರು. 1946ರಲ್ಲಿ ಗಾಂಧೀಜಿ ಅವರನ್ನೇ ಕಸ್ತೂರಬಾ ಟ್ರಸ್ಟಿನ ಕರ್ನಾಟಕ ಶಾಖೆಗೆ ನೇಮಿಸಿದರು. ಹಳ್ಳಿ ಹುಡುಗಿಯರನ್ನೂ ವಿಧವೆಯರನ್ನೂ ಕರೆಸಿ, ಆರೋಗ್ಯ, ಶಿಶುಪಾಲನೆ, ಶಿಕ್ಷಣ ಕಲಿಸಿ ಗ್ರಾಮಸೇವಿಕೆಯರನ್ನಾಗಿ ತಯಾರು ಮಾಡಿದರು. ಹಣ ಸಾಲದೆ ಹೋದಾಗ ಮನೆಮನೆಗೆ ಹೋಗಿ ಕೇಳಿದರು. ಶಾಲೆಯ ಬಾಗಿಲಿಗೆ ಬೀಗ ಬಿದ್ದಿತ್ತು ಅಷ್ಟೆ, ಕಲಿಸೋದು ನಿಲ್ಲಲಿಲ್ಲ.

ಸ್ವಾತಂತ್ರ್ಯ ಬಂದಮೇಲೆ ಅಧಿಕಾರ, ಪ್ರಶಸ್ತಿ ಯಾವುದನ್ನೂ ಬಯಸಲಿಲ್ಲ. ಹುಬ್ಬಳ್ಳಿಯ ‘ಆನಂದ ಸ್ಮೃತಿ’ ಅನ್ನೋ ಸಣ್ಣ ಮನೆಯಲ್ಲಿ ಬದುಕಿ, 1992ರಲ್ಲಿ ತೀರಿಕೊಂಡರು. ನೂರು ವರ್ಷದ ಬದುಕು.

ಇಷ್ಟೂ ಕೇಳಿದ ಅವ್ವ ಕೇಳಿದ್ದು ಒಂದೇ ಪ್ರಶ್ನೆ: “ಮಾವನೇ ಓದು ಅಂದ್ನಾ?”

ಹೌದವ್ವ. ಮನೇಲಿ ಒಬ್ಬರು ‘ಓದು’ ಅಂದಿದ್ದಕ್ಕೆ ಇಷ್ಟೆಲ್ಲ ಆಯ್ತು. ನಿಮ್ಮ ಮನೇಲೂ ಓದು ನಿಂತ ಅಕ್ಕ, ಅತ್ತಿಗೆ, ತಂಗಿ ಇರಬಹುದು. ಆ ಮಾತನ್ನ ಈ ಸಲ ನೀವು ಹೇಳಿ. ಮುಂದಿನ ವಾರ ಸಿಗೋಣ.