ಸಾಗರ ಮಾರುತಗಳ ಉಪಗ್ರಹ ಮಾಪನ

ಕಡಲ ಮೇಲ್ಮೈಯಲ್ಲಿ ಬೀಸುವ ಗಾಳಿಯ ವೇಗ, ದಿಕ್ಕುಗಳನ್ನು ಉಪಗ್ರಹದಿಂದ ಅಳೆದು ಹವಾಮಾನ ಮುನ್ಸೂಚನೆಗೆ ಬಳಸುವ ವಿಧಾನ. ಕಡಲು ಕಾಣದ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಿಗೂ ಇದು ಬೇಕಾದ ವಿದ್ಯೆಯೇ. ಸಹ್ಯಾದ್ರಿ, ನೀಲಗಿರಿಗಳ ಮಳೆನೆರಳಿನಲ್ಲಿರುವ ಈ ಸೀಮೆಯನ್ನು ಮುಟ್ಟುವಷ್ಟರಲ್ಲಿ ಮುಂಗಾರು ಸೊರಗಿರುತ್ತದೆ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಬರುವ ಹಿಂಗಾರಿನ ಮೇಲೆಯೇ ಇಲ್ಲಿ ಹೆಚ್ಚು ಭರವಸೆ. ಅದೇ ಮಳೆ ರಾಗಿ ಕೊಯ್ಲಿನ ಹೊತ್ತಿಗೆ ಹಿಡಿದರೆ ತೆನೆ ಹೊಲದಲ್ಲೇ ಮೊಳೆಯುತ್ತದೆ. ನೆನೆದ ಹಿಪ್ಪುನೇರಳೆ ಸೊಪ್ಪು ತಿಂದ ರೇಷ್ಮೆಹುಳುಗಳಿಗೆ ರೋಗ ತಗಲುತ್ತದೆ. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಡ ದಾಟಿದ ಫೆಂಗಲ್ ಚಂಡಮಾರುತ ದುರ್ಬಲಗೊಂಡ ಮೇಲೂ ಪಶ್ಚಿಮಕ್ಕೆ ಸರಿದು ಚಾಮರಾಜನಗರ ಜಿಲ್ಲೆಯವರೆಗೆ ಮಳೆ ತಂದಿತು. ಹೀಗಾಗಿ ಕೊಲ್ಲಿಯ ಗಾಳಿಯ ಸುಳಿವು ಎರಡು ದಿನ ಮೊದಲೇ ಸಿಕ್ಕರೆ ರೈತರಿಗೆ ಅದು ದೊಡ್ಡ ಆಸರೆ.

ಬಹುಕಾಲ ಈ ಸುಳಿವು ಬರುತ್ತಿದ್ದುದು ಹಡಗುಗಳಿಂದ. ಚಂಡಮಾರುತವೆದ್ದ ಕಡೆಯಿಂದ ಹಡಗುಗಳು ದೂರ ಸರಿಯುವುದರಿಂದ, ಅತಿ ಅಗತ್ಯವಾದ ಜಾಗದಲ್ಲೇ ಮಾಹಿತಿ ಇರುತ್ತಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ರಾಡಾರ್ ನೋಡುತ್ತಿದ್ದವರಿಗೆ ಅಲೆಗಳಿಂದ ಬರುವ ಮರುದನಿ ಬರೀ ಕಿರಿಕಿರಿಯಾಗಿತ್ತು. ಆದರೆ ಆ ಮರುದನಿಯಲ್ಲೇ ಗಾಳಿಯ ಸುಳಿವು ಅಡಗಿತ್ತು: ಗಾಳಿ ಬಿರುಸಾದಷ್ಟೂ ನೀರಿನ ಮೇಲಿನ ಕಿರುದೆರೆಗಳು ಒರಟಾಗುತ್ತವೆ, ರಾಡಾರ್ ಅಲೆಗಳನ್ನು ಹೆಚ್ಚಾಗಿ ಹಿಂದಕ್ಕೆ ಚದುರಿಸುತ್ತವೆ. ಒಂದೇ ಜಾಗವನ್ನು ಬೇರೆ ಬೇರೆ ಕೋನಗಳಿಂದ ನೋಡಿದರೆ ಗಾಳಿಯ ದಿಕ್ಕೂ ತಿಳಿಯುತ್ತದೆ. ಈ ತತ್ತ್ವದ ಮೇಲೆ ಕೆಲಸ ಮಾಡುವ ಉಪಕರಣವೇ ಸ್ಕ್ಯಾಟರೋಮೀಟರ್. 1973ರಲ್ಲಿ ಅಮೆರಿಕದ ಸ್ಕೈಲ್ಯಾಬ್‌ನಲ್ಲಿ ಇದನ್ನು ಪರೀಕ್ಷಿಸಲಾಯಿತು. 1978ರ ಸೀಸ್ಯಾಟ್ ಮೂರೇ ತಿಂಗಳು ಚಿಲ್ಲರೆ ದಿನ ಬಾಳಿತಾದರೂ ವಿಧಾನವನ್ನು ಸಾಬೀತುಪಡಿಸಿತು. ಯುರೋಪಿನ ಇಆರ್‌ಎಸ್-1 (1991), ಅಮೆರಿಕದ ಕ್ವಿಕ್‌ಸ್ಕ್ಯಾಟ್ (1999) ಮುಂದಿನವು.

ಭಾರತದ ಓಷನ್‌ಸ್ಯಾಟ್-1 1999ರ ಮೇ 26ರಂದು ಹಾರಿತು. ಅದರಲ್ಲಿದ್ದ ಮೈಕ್ರೋವೇವ್ ರೇಡಿಯೋಮೀಟರ್‌ಗೆ ಗಾಳಿಯ ವೇಗ ಸಿಗುತ್ತಿತ್ತು, ದಿಕ್ಕು ಸಿಗುತ್ತಿರಲಿಲ್ಲ. ಆ ಕೊರತೆಯನ್ನು ತುಂಬಿದ್ದು 2009ರ ಸೆಪ್ಟೆಂಬರ್ 23ರಂದು ಪಿಎಸ್‌ಎಲ್‌ವಿ-ಸಿ14 ಹೊತ್ತೊಯ್ದ ಓಷನ್‌ಸ್ಯಾಟ್-2. ಉಪಗ್ರಹ ರೂಪುಗೊಂಡದ್ದು ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ, ಸ್ಕ್ಯಾಟರೋಮೀಟರ್ ಅಹಮದಾಬಾದಿನಲ್ಲಿ. ಸುಮಾರು 720 ಕಿ.ಮೀ. ಎತ್ತರದಿಂದ ಅದು ಎರಡು ದಿನಗಳಿಗೊಮ್ಮೆ ಭೂಮಿಯ ಕಡಲುಗಳನ್ನೆಲ್ಲ ಗುಡಿಸಿ ನೋಡುತ್ತಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಕ್ವಿಕ್‌ಸ್ಕ್ಯಾಟ್‌ನ ಆಂಟೆನಾ ತಿರುಗುವುದು ನಿಂತಿತು. ಆಗ ಅಮೆರಿಕ, ಯುರೋಪುಗಳ ಹವಾಮಾನ ಸಂಸ್ಥೆಗಳೂ ಭಾರತದ ಅಳತೆಗಳನ್ನು ಬಳಸತೊಡಗಿದವು. ನಮ್ಮ ಬಾಹ್ಯಾಕಾಶ ಸಾಧನೆಗಳ ಪಟ್ಟಿಯಲ್ಲಿ ಈ ಸಂಗತಿಗೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ. 2013ರ ಅಕ್ಟೋಬರ್‌ನಲ್ಲಿ ಒಡಿಶಾದ ಗೋಪಾಲಪುರದ ಬಳಿ ಅಪ್ಪಳಿಸಿದ ಫೈಲಿನ್ ಚಂಡಮಾರುತದ ಜಾಡು ಹಿಡಿಯಲೂ ಓಷನ್‌ಸ್ಯಾಟ್-2 ನೆರವಾಯಿತು. 2014ರಲ್ಲಿ ಉಪಕರಣ ಕೆಟ್ಟಿತು. ತೆರವಾದ ಜಾಗಕ್ಕೆ 2016ರ ಸೆಪ್ಟೆಂಬರ್ 26ರಂದು ಸ್ಕ್ಯಾಟ್‌ಸ್ಯಾಟ್-1, ಬಳಿಕ 2022ರ ನವೆಂಬರ್ 26ರಂದು ಓಷನ್‌ಸ್ಯಾಟ್-3 ಬಂದವು.

ಈ ಅಳತೆಗಳು ನೋಯ್ಡಾದ ರಾಷ್ಟ್ರೀಯ ಮಧ್ಯಮಾವಧಿ ಮುನ್ಸೂಚನಾ ಕೇಂದ್ರದ ಗಣಕ ಮಾದರಿಗಳಿಗೆ ಸೇರುತ್ತವೆ. ಮಿತಿಗಳೂ ಇವೆ. ಜೋರು ಮಳೆಯಿರುವ ಕಡೆ ರಾಡಾರ್ ಓದು ತಪ್ಪಬಹುದು. ಏಪ್ರಿಲ್, ಮೇ ಸಂಜೆಗಳಲ್ಲಿ ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಆಸುಪಾಸಿನಲ್ಲಿ ಗುಡುಗಿ ಸುರಿಯುವ ಮಳೆ ನೆಲದ ಕಾವಿನಿಂದ ಹುಟ್ಟುವಂಥದ್ದು. ಕಡಲಗಾಳಿಯ ಲೆಕ್ಕ ಒಂದರಿಂದಲೇ ಅದು ಯಾವ ಊರಿಗೆ ಬಿದ್ದೀತೆಂದು ಹೇಳಲಾಗದು. ಅದಕ್ಕೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇಟ್ಟಿರುವ ಸ್ವಯಂಚಾಲಿತ ಮಳೆಮಾಪಕಗಳ ಮಾಹಿತಿಯೂ ಬೇಕು.