ಶಿವಮೊಗ್ಗ–ಭದ್ರಾವತಿ ಸೀಮೆಯಲ್ಲಿ ಸ್ತ್ರೀವಾದಿ ಚಿಂತನೆ: ಒಂದು ಸಮೀಕ್ಷೆ

ಶಿವಮೊಗ್ಗ ಮತ್ತು ಭದ್ರಾವತಿ ಸೀಮೆಯಲ್ಲಿ ಹೆಣ್ಣಿನ ಪ್ರಶ್ನೆ ಮೂರು ನೆಲೆಗಳಿಂದ ಬೆಳೆದು ಬಂದಿದೆ. ಮೊದಲನೆಯದು ಅಡಿಕೆ ತೋಟದ ಮನೆತನಗಳ ಒಳಗಿನ ಬದುಕು. ಎರಡನೆಯದು ಶಿವಮೊಗ್ಗ ಪೇಟೆಯ ಕಾಲೇಜು, ಪತ್ರಿಕೆ, ಚಳವಳಿಗಳ ವಾತಾವರಣ. ಮೂರನೆಯದು ಭದ್ರಾವತಿಯ ಕಾರ್ಖಾನೆಗಳ ಸುತ್ತ ಕಟ್ಟಿಕೊಂಡ ದುಡಿಮೆಯ ಲೋಕ. ಇಲ್ಲಿ ಪ್ರತಿಯೊಂದು ತಲೆಮಾರು ತನ್ನ ಕಣ್ಣಿಗೆ ಬಿದ್ದ ಅನ್ಯಾಯವನ್ನು ಮುಂದಿಟ್ಟಿತು. ಆ ಚರ್ಚೆಯ ಹೊರಗೆ ಉಳಿದವರು ಬಂದು ಅದನ್ನು ತಿದ್ದಿದರು. ಜಾತಿ, ಧರ್ಮ, ಕೂಲಿ ಇವುಗಳಿಂದ ಬಿಡಿಸಿ ನೋಡಬಹುದಾದ ಹೆಣ್ಣಿನ ಪ್ರಶ್ನೆ ಈ ಭಾಗದಲ್ಲಿ ಯಾವತ್ತೂ ಇರಲಿಲ್ಲ.

ವಚನಕಾರ್ತಿಯರ ಪರಂಪರೆ

ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯ ಊರು ಶಿಕಾರಿಪುರ ತಾಲ್ಲೂಕಿನ ಉಡುತಡಿ. ಅರಸ ಕೌಶಿಕನನ್ನು, ಅರಮನೆಯನ್ನು, ಕೊನೆಗೆ ಉಟ್ಟ ಬಟ್ಟೆಯನ್ನೂ ತೊರೆದು ಕಲ್ಯಾಣದತ್ತ ನಡೆದ ಆಕೆಯ ಕಥೆ ಕನ್ನಡ ಸ್ತ್ರೀವಾದಿ ಚರ್ಚೆಗಳು ಮತ್ತೆ ಮತ್ತೆ ಮರಳುವ ಜಾಗ. ದೇಹದ ಬಗೆಗಿನ ನಾಚಿಕೆಯನ್ನು ಹೆಣ್ಣಿನ ಮೇಲೆ ಹೇರಿದವರು ಯಾರು ಎಂಬ ಪ್ರಶ್ನೆಯನ್ನು ಕೆಲವರು ಅವಳ ವಚನಗಳಲ್ಲಿ ಕಂಡರು. ಲೋಕದ ಗಂಡನನ್ನು ಬಿಟ್ಟವಳು ಚೆನ್ನಮಲ್ಲಿಕಾರ್ಜುನನನ್ನೇ ಗಂಡನೆಂದು ವರಿಸಿದ್ದರಿಂದ ದಾಂಪತ್ಯದ ಚೌಕಟ್ಟು ಅಲ್ಲಿಯೂ ಉಳಿಯಿತು ಎಂದು ಇನ್ನು ಕೆಲವರು ವಾದಿಸಿದರು.

ಅಕ್ಕನಷ್ಟು ಪ್ರಸಿದ್ಧಳಲ್ಲದ, ಆದರೆ ಇಂದಿನ ಚಿಂತನೆಗೆ ಅಷ್ಟೇ ಮುಖ್ಯಳಾದ ಶರಣೆ ಶಿರಾಳಕೊಪ್ಪ ಸಮೀಪದ ಜಂಬೂರಿನ ಸತ್ಯಕ್ಕ. ಅಂಗಳ ಗುಡಿಸುವ ಕಾಯಕದ ಈಕೆಯ ವಚನಗಳ ಅಂಕಿತ ಶಂಭುಜಕ್ಕೇಶ್ವರ. ಹೊರಗಿನ ಗುರುತುಗಳಿಂದ ಹೆಣ್ಣು, ಗಂಡು ಎಂದು ತೀರ್ಮಾನಿಸುವುದು ಲೋಕದ ರೂಢಿಯೇ ಹೊರತು ತಿಳಿದವರ ಮಾತಲ್ಲ ಎಂದು ಆಕೆ ವಾದಿಸಿದಳು. ಲಿಂಗಭೇದದಲ್ಲಿ ಸಮಾಜ ಕಟ್ಟಿದ್ದು ಎಷ್ಟು ಎಂಬ ಆಧುನಿಕ ಚರ್ಚೆಗೆ ಮಲೆನಾಡಿನ ಅಂಚಿನಲ್ಲಿ ಸಿಗುವ ಹಳೆಯ ಆಧಾರ ಇದು.

ವಚನಕಾರ್ತಿಯರ ಕಾಲದ ಬಳಿಕ, 1671ರಿಂದ 1696ರವರೆಗೆ ಆಳಿ, ಮೊಗಲರ ಬೆದರಿಕೆಯ ನಡುವೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಕೆಳದಿ ಚೆನ್ನಮ್ಮ ಪಠ್ಯಪುಸ್ತಕಗಳಲ್ಲಿ ಉಳಿದಿದ್ದಾಳೆ. ರಾಣಿಯೊಬ್ಬಳ ಶೌರ್ಯದ ಕಥೆ ಆ ಕಾಲದ ಸಾಮಾನ್ಯ ಹೆಂಗಸರ ಬದುಕನ್ನು ತಿಳಿಸಿಕೊಡುವುದಿಲ್ಲ ಎಂಬುದು ಸ್ತ್ರೀವಾದಿ ಇತಿಹಾಸಕಾರರ ಮುಖ್ಯ ಎಚ್ಚರಿಕೆ.

ಮನೆಯೊಳಗಿನ ಕಥೆ ಹೊರಬಂದದ್ದು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಂಜನಗೂಡು ತಿರುಮಲಾಂಬ, ಆರ್. ಕಲ್ಯಾಣಮ್ಮ ಮೊದಲಾದವರು ಮಹಿಳೆಯರಿಗಾಗಿ ಪತ್ರಿಕೆಗಳನ್ನು ನಡೆಸಿ ಓದುವ ಹೆಣ್ಣುಮಕ್ಕಳ ಲೋಕವೊಂದನ್ನು ಕಟ್ಟಿದರು. ಆ ಲೋಕದ ಮುಂದಿನ ಫಲ ಮಲೆನಾಡಿನಲ್ಲಿ ಕಾಣಿಸಿಕೊಂಡದ್ದು ಎಂ.ಕೆ. ಇಂದಿರಾ ಅವರ ಬರವಣಿಗೆಯಲ್ಲಿ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಇಂದಿರಾ ಎಳೆಯ ವಯಸ್ಸಿನಲ್ಲೇ ಮದುವೆಯಾದರು. ಶಾಲೆಯ ಓದು ಅಲ್ಪ. ನಡುವಯಸ್ಸಿನಲ್ಲಿ ಬರೆಯತೊಡಗಿದ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ 1963ರಲ್ಲಿ ಬಂತು.

1976ರ ‘ಫಣಿಯಮ್ಮ’ ಅವರ ಹಿರಿಯ ಕೃತಿ. ಬಾಲ್ಯದಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಬದುಕಿಡೀ ಮಡಿಯಲ್ಲಿ ಕಳೆದ ತಮ್ಮದೇ ಬಳಗದ ಹಿರಿಯಳೊಬ್ಬಳ ಬದುಕನ್ನು ಇಂದಿರಾ ಕಥೆಯಾಗಿಸಿದರು. ಫಣಿಯಮ್ಮ ಬಂಡೆದ್ದು ಮನೆ ಬಿಡುವುದಿಲ್ಲ. ಆದರೆ ಹೆರಿಗೆಯ ಸಂಕಟದಲ್ಲಿರುವ ಅಸ್ಪೃಶ್ಯ ಹೆಂಗಸಿನ ನೆರವಿಗೆ ಹೋಗುತ್ತಾಳೆ. ತಲೆ ಬೋಳಿಸಿಕೊಳ್ಳಲು ಒಪ್ಪದ ಕಿರಿಯ ವಿಧವೆಯ ಪರ ನಿಲ್ಲುತ್ತಾಳೆ. ಪ್ರೇಮಾ ಕಾರಂತರು 1983ರಲ್ಲಿ ಇದನ್ನು ಚಲನಚಿತ್ರವಾಗಿಸಿದರು. ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ಅನುವಾದಿಸಿದರು.

ಇದೇ ಸೀಮೆಯ ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ 1977ರಲ್ಲಿ ‘ಘಟಶ್ರಾದ್ಧ’ ಮಾಡಿದರು. ಗರ್ಭಿಣಿಯಾದ ಯುವ ವಿಧವೆ ಯಮುನಾಳನ್ನು ಬದುಕಿರುವಾಗಲೇ ಸತ್ತವಳೆಂದು ಜಾತಿಯಿಂದ ಹೊರಹಾಕುವ ಆ ಕ್ರೌರ್ಯವನ್ನು ನೋಡುಗರು ಹುಡುಗನೊಬ್ಬನ ಕಣ್ಣಿನಿಂದ ಕಾಣುತ್ತಾರೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟಾಗ ದೃಷ್ಟಿಯ ಅಂತರ ತಿಳಿಯುತ್ತದೆ. ‘ಘಟಶ್ರಾದ್ಧ’ದಲ್ಲಿ ವಿಧವೆ ಮರುಕದ ವಸ್ತು. ‘ಫಣಿಯಮ್ಮ’ದಲ್ಲಿ ಆಕೆ ಸರಿತಪ್ಪುಗಳನ್ನು ತಾನೇ ತೂಗಿ ನಿರ್ಧರಿಸುವ ವ್ಯಕ್ತಿ. ಹೆಣ್ಣಿನ ಬಗ್ಗೆ ಮರುಗುವುದಕ್ಕೂ ಹೆಣ್ಣಿನ ಅನುಭವದಿಂದ ನೋಡುವುದಕ್ಕೂ ಇರುವ ಈ ವ್ಯತ್ಯಾಸವೇ ಮುಂದಿನ ಸ್ತ್ರೀವಾದಿ ವಿಮರ್ಶೆಗೆ ಬುನಾದಿಯಾಯಿತು. ಮದುವೆಯಾದ ಮೇಲೆ ಕೆಲಕಾಲ ಶಿವಮೊಗ್ಗದಲ್ಲಿ ನೆಲೆಸಿದ್ದ ವೈದೇಹಿಯವರ ಕಥೆಗಳು ಅಡುಗೆಮನೆ, ಹಿತ್ತಿಲು, ಹೆಂಗಸರ ಪಿಸುಮಾತುಗಳ ಲೋಕವನ್ನು ಇದೇ ಒಳದೃಷ್ಟಿಯಿಂದ ಕಟ್ಟಿದವು.

ಚಳವಳಿಯ ದಶಕಗಳು

1970ರ ದಶಕದ ಕೊನೆಗೆ ಚರ್ಚೆ ಮನೆಯಿಂದ ಬೀದಿಗೆ ಬಂತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ, ಕರ್ನಾಟಕ ಲೇಖಕಿಯರ ಸಂಘ, ಬೆಂಗಳೂರಿನ ಮಹಿಳಾ ಸಂಘಟನೆ ವಿಮೋಚನಾ ಹುಟ್ಟಿಕೊಂಡವು. ಮರುವರ್ಷ ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯವರಾದ ಪಿ. ಲಂಕೇಶ್ ‘ಲಂಕೇಶ್ ಪತ್ರಿಕೆ’ ಆರಂಭಿಸಿದರು. ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್, ಬಿ.ಟಿ. ಲಲಿತಾ ನಾಯಕ್ ಅವರಂಥ ಲೇಖಕಿಯರು ಅದರ ಮೂಲಕ ವಿಶಾಲ ಓದುಗ ವರ್ಗವನ್ನು ತಲುಪಿದರು. ತಲಾಖ್, ಬಹುಪತ್ನಿತ್ವ, ತಾಂಡಾದ ಬದುಕು ಇವೆಲ್ಲ ವಾರಪತ್ರಿಕೆಯ ಓದಾದವು. ಅದುವರೆಗೆ ಮೇಲ್ಜಾತಿಯ ವಿಧವೆಯ ಸುತ್ತಲೇ ಸುತ್ತುತ್ತಿದ್ದ ಹೆಣ್ಣಿನ ಪ್ರಶ್ನೆಗೆ ಇದು ಮೊದಲ ದೊಡ್ಡ ತಿದ್ದುಪಡಿ.

ಎರಡನೆಯ ತಿದ್ದುಪಡಿ ದಲಿತ ಚಳವಳಿಯಿಂದ ಬಂತು. ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದರು. ಸಂಘಟನೆಯ ಮೊದಲ ನೆಲೆಯೂ ಈ ಊರೇ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಯಲ್ಲಿ ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು ಬೆತ್ತಲಾಗಿ ಗುಡಿಗೆ ಹೋಗುವ ಪದ್ಧತಿಯಿತ್ತು. ಹರಕೆ ಹೊರುತ್ತಿದ್ದ ಹೆಂಗಸರಲ್ಲಿ ಹೆಚ್ಚಿನವರು ದಲಿತ ಮತ್ತು ಹಿಂದುಳಿದ ಜಾತಿಗಳವರು. ಇದನ್ನು ತಡೆಯಲು ಕಾರ್ಯಕರ್ತರು ಮುಂದಾದಾಗ, 1986ರ ಮಾರ್ಚ್‌ನಲ್ಲಿ ಗುಂಪು ಅವರ ಮೇಲೂ ಪೊಲೀಸರ ಮೇಲೂ ಹಲ್ಲೆ ನಡೆಸಿತು. ಮಹಿಳಾ ಪೊಲೀಸರನ್ನೂ ವಿವಸ್ತ್ರಗೊಳಿಸಲಾಯಿತು. ಆ ಬಳಿಕ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು.

ಹರಕೆ ಹೆಂಗಸಿನ ಸ್ವಂತ ನಂಬಿಕೆ, ಹೊರಗಿನವರು ಅಡ್ಡಬರಬಾರದು ಎಂಬ ವಾದ ಆಗ ಕೇಳಿಬಂತು. ಬಡತನ, ರೋಗ, ಜಾತಿಯ ಭಯ ಒಟ್ಟಾಗಿ ಹೊರಿಸಿದ ಹರಕೆಯನ್ನು ಸ್ವಂತ ಇಚ್ಛೆ ಎನ್ನಲಾಗದು ಎಂದು ಚಳವಳಿಗಾರರು ಉತ್ತರಿಸಿದರು. ಒಬ್ಬಳ ಆಯ್ಕೆಯ ಹಿಂದೆ ಯಾವ ಒತ್ತಡಗಳಿವೆ ಎಂದು ನೋಡದೆ ತೀರ್ಪು ಕೊಡಬಾರದು ಎಂಬ ಪಾಠವನ್ನು ಚಂದ್ರಗುತ್ತಿ ಕಲಿಸಿತು.

ವಿಮರ್ಶೆ, ಕಾನೂನು, ಪಂಚಾಯಿತಿ

1980–90ರ ದಶಕಗಳಲ್ಲಿ ಸ್ತ್ರೀವಾದ ಓದಿನ ಶಿಸ್ತಾಗಿಯೂ ಬೆಳೆಯಿತು. ಮೈಸೂರಿನಲ್ಲಿ ವಿಜಯಾ ದಬ್ಬೆ ಹಳಗನ್ನಡದಿಂದ ಹೊಸಗನ್ನಡದವರೆಗಿನ ಸಾಹಿತ್ಯವನ್ನು ಹೆಣ್ಣಿನ ಕಣ್ಣಿನಿಂದ ಓದಿದರು. ಎಚ್.ಎಸ್. ಶ್ರೀಮತಿ ಸಿಮೊನ್ ದ ಬೋವಾ ಅವರ ‘ದಿ ಸೆಕೆಂಡ್ ಸೆಕ್ಸ್’ ಗ್ರಂಥವನ್ನು ಕನ್ನಡಕ್ಕೆ ತಂದರು. 1987ರಲ್ಲಿ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಆರಂಭವಾದಾಗ ಈ ಭಾಗದ ಹೆಣ್ಣುಮಕ್ಕಳಿಗೆ ಸ್ನಾತಕೋತ್ತರ ಓದು ಹತ್ತಿರವಾಯಿತು. ಶಿವಮೊಗ್ಗದಲ್ಲಿ ನೆಲೆಸಿದ ಸವಿತಾ ನಾಗಭೂಷಣ ಅವರ ಕವಿತೆಗಳು ಮತ್ತು ‘ಸ್ತ್ರೀಲೋಕ’ ಕಾದಂಬರಿ ಈ ಓದಿನ ಜೊತೆಗೆ ಬೆಳೆದ ಸೃಜನಶೀಲ ಬರಹಗಳು.

ಕಾನೂನಿನ ಬದಲಾವಣೆಗಳು ತೋಟ, ಗದ್ದೆಗಳ ನಾಡಿಗೆ ನೇರವಾಗಿ ತಟ್ಟಿದವು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರ ಜುಲೈ 30ರಂದೇ ಜಾರಿಗೆ ಬಂತು. ದೇಶಕ್ಕೆಲ್ಲ ಅದು ಅನ್ವಯಿಸಿದ್ದು 2005ರಲ್ಲಿ. ಆದರೂ ಅಣ್ಣತಮ್ಮಂದಿರಿಗೆ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕುವುದು, ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಪಾಲು ಕೇಳದಿರುವುದು ಇಂದಿಗೂ ಉಳಿದಿವೆ. ಕಾಗದದ ಹಕ್ಕು ಕೈಗೆ ಬರಲು ಸಂಬಂಧಗಳ ಒಳಗಿನ ಅಧಿಕಾರವೂ ಬದಲಾಗಬೇಕು ಎಂಬುದನ್ನು ಸ್ತ್ರೀವಾದ ಎತ್ತಿ ತೋರಿಸಿದೆ.

ರಾಜಕೀಯದಲ್ಲೂ ಇದೇ ಸ್ಥಿತಿ. 1983ರ ಕಾಯ್ದೆಯಂತೆ ಕರ್ನಾಟಕ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟಿತು. 2010ರಲ್ಲಿ ಪಂಚಾಯಿತಿ ಮೀಸಲಾತಿ ಶೇ 50ಕ್ಕೇರಿತು. ಅಧ್ಯಕ್ಷೆಯ ಬದಲು ಗಂಡನೇ ಕಡತ ನೋಡುವ ರೂಢಿಯ ನಡುವೆಯೂ ಸಾವಿರಾರು ಹೆಂಗಸರು ಸಭೆ ನಡೆಸುವುದನ್ನು, ಲೆಕ್ಕ ಕೇಳುವುದನ್ನು ಕಲಿತರು. ಮೀಸಲಾತಿಯಿಲ್ಲದ ವಿಧಾನಸಭೆಯ ಚಿತ್ರ ಬೇರೆ: 2023ರ ಚುನಾವಣೆಯಲ್ಲಿ ಶಿವಮೊಗ್ಗ ಜಿಲ್ಲೆಯ 7 ಕ್ಷೇತ್ರಗಳಿಂದ ಆಯ್ಕೆಯಾದ ಮಹಿಳೆ ಒಬ್ಬರೇ, ಶಿವಮೊಗ್ಗ ಗ್ರಾಮಾಂತರದ ಶಾರದಾ ಪೂರ್ಯಾನಾಯ್ಕ.

ದುಡಿಮೆಯ ಲೆಕ್ಕ

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. 1936ರಲ್ಲಿ ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಊರಿನ ಇತಿಹಾಸವೆಲ್ಲ ಕುಲುಮೆ, ಪಾಳಿ, ಕಾರ್ಮಿಕ ಸಂಘಗಳ ಇತಿಹಾಸವಾಗಿ ದಾಖಲಾಗಿದೆ. ಸಂಬಳದ ಪಟ್ಟಿಯಲ್ಲಿದ್ದವರು ಬಹುಪಾಲು ಗಂಡಸರು. ರಾತ್ರಿ ಪಾಳಿಗೆ ಬುತ್ತಿ ಕಟ್ಟಿದ, ಹಗಲು ಮಲಗುವ ಗಂಡನಿಗಾಗಿ ಮಕ್ಕಳನ್ನು ಸುಮ್ಮನಿರಿಸಿದ, ಸಂಬಳ ತಡವಾದಾಗ ಕೈಸಾಲ ತಂದು ಮನೆ ನಡೆಸಿದ ಹೆಂಗಸರ ದುಡಿಮೆ ಯಾವ ಪುಸ್ತಕದ ಲೆಕ್ಕಕ್ಕೂ ಸೇರಲಿಲ್ಲ. ಕಾರ್ಖಾನೆಯನ್ನು ಚಲಾಯಿಸುವ ಶ್ರಮಶಕ್ತಿ ದಿನದಿನವೂ ಮನೆಯಲ್ಲಿ ಮರುಹುಟ್ಟು ಪಡೆಯುತ್ತದೆ ಎಂಬ ಸ್ತ್ರೀವಾದಿ ಅರ್ಥಶಾಸ್ತ್ರದ ಮಾತಿಗೆ ಭದ್ರಾವತಿ ತಕ್ಕ ನಿದರ್ಶನ. ಕಾಗದ ಕಾರ್ಖಾನೆ ನಿಂತಾಗ, 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದಾಗ, ಕೆಲಸ ಕಳೆದುಕೊಳ್ಳುವ ಭಾರದ ದೊಡ್ಡ ಪಾಲು ಈ ಮನೆಗಳ ಮೇಲೇ ಬಿತ್ತು.

ಈಗ ಎರಡು ಊರುಗಳ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಗಾರ್ಮೆಂಟ್ಸ್‌ಗೆ ಹಳ್ಳಿಗಳಿಂದ ಹೆಣ್ಣುಮಕ್ಕಳು ಬಸ್ಸು, ವ್ಯಾನುಗಳಲ್ಲಿ ಬರುತ್ತಾರೆ. ಅಡಿಕೆ ಸುಲಿಯುವುದು, ಸಸಿ ನಾಟಿ, ಕಳೆ ಕೀಳುವುದು ಬಹುಮಟ್ಟಿಗೆ ಹೆಂಗಸರ ಕೆಲಸ. 1976ರ ಸಮಾನ ವೇತನ ಕಾಯ್ದೆಯ ನಂತರವೂ ಗಂಡಾಳಿನ ಕೂಲಿ, ಹೆಣ್ಣಾಳಿನ ಕೂಲಿ ಬೇರೆಬೇರೆಯಾಗಿಯೇ ಉಳಿದಿವೆ. ಹೆಗ್ಗೋಡಿನ ಬಳಿ ರಂಗಕರ್ಮಿ ಪ್ರಸನ್ನ 1990ರ ದಶಕದಲ್ಲಿ ಕಟ್ಟಿದ ‘ಚರಕ’ ಮಹಿಳಾ ಸಹಕಾರ ಸಂಘ, ಕೈಮಗ್ಗ ಮತ್ತು ನೈಸರ್ಗಿಕ ಬಣ್ಣದ ಮೂಲಕ ಹಳ್ಳಿಯಲ್ಲೇ ಗೌರವದ ದುಡಿಮೆ ಸಾಧ್ಯವೆಂದು ತೋರಿಸಿದ ಪ್ರಯೋಗ.

ತರಗತಿ ಮತ್ತು ಧರ್ಮ

1950ರ ದಶಕದಲ್ಲಿ ಎಂಟು ವರ್ಷದ ಮುಸ್ಲಿಂ ಬಾಲಕಿಯೊಬ್ಬಳನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನ್ ಶಾಲೆಗೆ ಸೇರಿಸಲಾಯಿತು. ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತಿತ್ತು. ಕೆಲವೇ ದಿನಗಳಲ್ಲಿ ಅವಳು ಬರೆಯತೊಡಗಿದಳು. ಆಕೆಯೇ ಬಾನು ಮುಷ್ತಾಕ್. ದೀಪಾ ಭಾಸ್ತಿ ಅನುವಾದಿಸಿದ ಅವರ ಕಥೆಗಳ ಸಂಕಲನ ‘ಹಾರ್ಟ್ ಲ್ಯಾಂಪ್’ 2025ರ ಮೇ 20ರಂದು ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಮಸೀದಿಗೆ ಹೆಂಗಸರ ಪ್ರವೇಶದ ಪರ ಮಾತಾಡಿದ್ದಕ್ಕೆ 2000ದಲ್ಲಿ ಸಾಮಾಜಿಕ ಬಹಿಷ್ಕಾರ ಎದುರಿಸಿದ್ದ ಅವರು, 2025ರಲ್ಲಿ ಮೈಸೂರು ದಸರಾ ಉದ್ಘಾಟನೆಗೆ ಆಹ್ವಾನಿತರಾದಾಗ ಇನ್ನೊಂದು ದಿಕ್ಕಿನ ವಿರೋಧವನ್ನು ಎದುರಿಸಿದರು. ಎರಡೂ ಬದಿಯ ಧಾರ್ಮಿಕ ಕಟ್ಟಳೆಗಳು ಹೆಣ್ಣಿನ ಮೇಲೆಯೇ ಗಡಿ ಎಳೆಯುತ್ತವೆ ಎಂಬುದಕ್ಕೆ ಅವರ ಬದುಕು ಸಾಕ್ಷಿ.

ಈ ಗಡಿ 2022ರ ಫೆಬ್ರವರಿಯಲ್ಲಿ ಶಿವಮೊಗ್ಗದ ಕಾಲೇಜುಗಳ ಬಾಗಿಲಿಗೇ ಬಂತು. ಉಡುಪಿಯಲ್ಲಿ ಆರಂಭವಾದ ಹಿಜಾಬ್ ವಿವಾದ ಇಲ್ಲಿಗೂ ಹರಡಿ, ಫೆಬ್ರವರಿ 8ರಂದು ನಗರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಧ್ವಜಕಂಬದಲ್ಲಿ ಕೇಸರಿ ಬಾವುಟ ಹಾರಿತು, ನಿಷೇಧಾಜ್ಞೆ ಜಾರಿಯಾಯಿತು. ಮಾರ್ಚ್ 15ರಂದು ಹೈಕೋರ್ಟ್ ಸಮವಸ್ತ್ರ ಕುರಿತ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಸ್ತ್ರೀವಾದಿಗಳಲ್ಲೂ ಒಮ್ಮತವಿರಲಿಲ್ಲ. ಮುಸುಕು ಪಿತೃಪ್ರಧಾನತೆಯ ಹೇರಿಕೆಯೆಂದು ಕೆಲವರು ಹೇಳಿದರು. ಹೇರಿಕೆಯಿದ್ದರೂ ಅದರ ಬಿಡುಗಡೆ ಓದಿನಿಂದಲೇ ಆಗಬೇಕು, ತರಗತಿಯಿಂದ ಹೊರಗಟ್ಟುವುದು ಹುಡುಗಿಗೆ ಕೊಡುವ ಎರಡನೆಯ ಶಿಕ್ಷೆ ಎಂದು ಇನ್ನು ಕೆಲವರು ವಾದಿಸಿದರು. ಎರಡನೆಯ ವಾದಕ್ಕೇ ಹೆಚ್ಚು ತೂಕವಿದೆ. ಚಂದ್ರಗುತ್ತಿಯಲ್ಲಿ ತಡೆಯಲಾದದ್ದು ಹೆಣ್ಣಿನ ಘನತೆಗೆ ಕುಂದು ತರುವ ಆಚರಣೆ. ಇಲ್ಲಿ ತಡೆಯಲಾದದ್ದು ಆಕೆಯ ಓದು.

ಸುದ್ದಿಯ ಭಾಷೆ ಮತ್ತು ಹಿಂಸೆ

ಶಿವಮೊಗ್ಗದಲ್ಲಿ 1962ರಲ್ಲಿ ಹುಟ್ಟಿದ ಗೌರಿ ಲಂಕೇಶ್ ತಂದೆಯ ನಂತರ ಪತ್ರಿಕೆ ವಹಿಸಿಕೊಂಡು, 2005ರಿಂದ ತಮ್ಮದೇ ವಾರಪತ್ರಿಕೆ ನಡೆಸಿದರು; 2017ರ ಸೆಪ್ಟೆಂಬರ್ 5ರಂದು ಹತ್ಯೆಗೀಡಾದರು. ಅಭಿಪ್ರಾಯ ಹೇಳುವ ಹೆಣ್ಣಿಗೆ ಬರುವ ಬೈಗುಳ ಅವಳ ವಾದವನ್ನು ಮುಟ್ಟದೆ ಅವಳ ನಡತೆಯನ್ನು, ದೇಹವನ್ನು ಗುರಿಮಾಡುತ್ತದೆ ಎಂಬ ಮಾತು ಅಲ್ಲಿಂದೀಚೆಗೆ ಮಾಧ್ಯಮ ಚರ್ಚೆಯ ಕೇಂದ್ರಕ್ಕೆ ಬಂದಿದೆ. 2025ರ ಫೆಬ್ರವರಿಯಲ್ಲಿ ಭದ್ರಾವತಿ ಬಳಿ ಅಕ್ರಮ ಮರಳು ಗಣಿಗಾರಿಕೆ ತಡೆಯಲು ಹೋದ ಮಹಿಳಾ ಅಧಿಕಾರಿಯೊಬ್ಬರನ್ನು ಫೋನಿನಲ್ಲಿ ಅವಾಚ್ಯವಾಗಿ ನಿಂದಿಸಿದ ವಿಡಿಯೊ ರಾಜ್ಯದಾದ್ಯಂತ ಹರಡಿದಾಗ ಇದೇ ಮಾತು ಮತ್ತೆ ಕೇಳಿಬಂತು: ಅಧಿಕಾರದ ಕುರ್ಚಿಯಲ್ಲಿದ್ದರೂ ಹೆಣ್ಣಿಗೆ ರಕ್ಷಣೆ ತಾನಾಗಿ ದೊರೆಯುವುದಿಲ್ಲ.

ಸುದ್ದಿ ಹೇಳುವ ರೀತಿಯೂ ವಿಮರ್ಶೆಗೆ ಒಳಗಾಯಿತು. ಲೈಂಗಿಕ ದೌರ್ಜನ್ಯವನ್ನು ‘ರಾಸಲೀಲೆ’ ಎಂದು ಕರೆಯುವ ತಲೆಬರಹ ಅಪರಾಧವನ್ನು ಮನರಂಜನೆಯಾಗಿಸುತ್ತದೆ. 2024ರಲ್ಲಿ ಹಾಸನದಲ್ಲಿ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಹಂಚಿಕೆಯಾದಾಗ ಅವುಗಳಲ್ಲಿ ಕಾಣಿಸಿಕೊಂಡ ಹೆಂಗಸರೇ ಊರು ಬಿಡಬೇಕಾದ ಸ್ಥಿತಿ ಬಂತು. ಮೇ 30ರ ‘ಹಾಸನ ಚಲೋ’ದಲ್ಲಿ ರಾಜ್ಯದ ಮಹಿಳಾ ಸಂಘಟನೆಗಳು ಸಂತ್ರಸ್ತೆಯರ ಪರ ನಿಂತವು. 2025ರ ಆಗಸ್ಟ್ 2ರಂದು ಇದೇ ಹಗರಣಕ್ಕೆ ಸೇರಿದ ಅತ್ಯಾಚಾರ ಪ್ರಕರಣವೊಂದರಲ್ಲಿ ಮಾಜಿ ಸಂಸದ ಪ್ರಜ್ವಲ್ ರೇವಣ್ಣಗೆ ಜೀವಾವಧಿ ಶಿಕ್ಷೆಯಾಯಿತು. ಮನೆಗೆಲಸದ ಹೆಂಗಸೊಬ್ಬರು ಧೈರ್ಯದಿಂದ ನುಡಿದ ಸಾಕ್ಷ್ಯ ಈ ತೀರ್ಪಿನ ಹಿಂದಿತ್ತು.

ಈಗಿನ ಚರ್ಚೆಗಳು

2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಕೊಟ್ಟಿತು. ಆಸ್ಪತ್ರೆಗೆ, ತವರಿಗೆ, ಕೆಲಸಕ್ಕೆ ಹೋಗಲು ಯಾರ ಮುಂದೆಯೂ ಕೈಚಾಚಬೇಕಿಲ್ಲ ಎಂಬುದು ಅದರ ನಿಜವಾದ ಗಳಿಕೆ. ಖಾಸಗಿ ಬಸ್ಸುಗಳೇ ಹೆಚ್ಚಿರುವ ತೀರ್ಥಹಳ್ಳಿ, ಹೊಸನಗರದ ಕಡೆಯ ಹೆಂಗಸರಿಗೆ ಮಾತ್ರ ಆ ಗಳಿಕೆ ಪೂರ್ತಿ ದಕ್ಕಿಲ್ಲ. ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಕೊಡುವ ‘ಗೃಹಲಕ್ಷ್ಮಿ’ಯನ್ನು ಕೆಲವರು ಬಿಟ್ಟಿ ಭಾಗ್ಯ ಎಂದು ಹಂಗಿಸಿದರೆ, ಲೆಕ್ಕಕ್ಕೆ ಸೇರದ ಮನೆಗೆಲಸಕ್ಕೆ ಸಂದ ಅಲ್ಪ ಮನ್ನಣೆ ಎಂದು ಸ್ತ್ರೀವಾದಿಗಳು ಸಮರ್ಥಿಸಿದರು. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ವರ್ಷಕ್ಕೆ 12 ದಿನಗಳ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಗಾರ್ಮೆಂಟ್ಸ್‌ನ ಹೆಣ್ಣುಮಗಳಿಗೆ ಇದು ಅನ್ವಯಿಸುತ್ತದೆ. ದಿನಗೂಲಿಗೆ ಅಡಿಕೆ ಸುಲಿಯುವವಳಿಗೆ ರಜೆಯೆಂದರೆ ಇಂದಿಗೂ ಕೂಲಿ ಇಲ್ಲದ ದಿನ.

ಹೀಗೆ ಈ ಸೀಮೆಯ ಸ್ತ್ರೀವಾದ ಹಿಗ್ಗುತ್ತಲೇ ಬಂದಿದೆ: ಮೇಲ್ಜಾತಿಯ ವಿಧವೆಯಿಂದ ದಲಿತ ಮಹಿಳೆಯವರೆಗೆ, ಅಲ್ಲಿಂದ ಮುಸ್ಲಿಂ ವಿದ್ಯಾರ್ಥಿನಿ ಮತ್ತು ಕೂಲಿಕಾರ್ಮಿಕಳವರೆಗೆ. ಕಾರ್ಖಾನೆ ವಸತಿಗೃಹಗಳ ಹೆಂಗಸರ ನೆನಪುಗಳು, ಮಲೆನಾಡಿನ ಹಸಲರಂಥ ಬುಡಕಟ್ಟುಗಳ ಮಹಿಳೆಯರ ಅನುಭವ, ಲಿಂಗತ್ವ ಅಲ್ಪಸಂಖ್ಯಾತರ ಬದುಕು ಇನ್ನೂ ವಿಸ್ತಾರವಾಗಿ ದಾಖಲಾಗಬೇಕಿದೆ. ಯಾವುದೇ ಮಹಿಳಾ ಸಮಸ್ಯೆಯ ಚರ್ಚೆಯಲ್ಲಿ ಮಾತಾಡುತ್ತಿರುವವರು ಯಾರು, ಮಾತು ಸಿಗದೆ ಉಳಿದವರು ಯಾರು ಎಂದು ಕೇಳುವುದನ್ನು ಈ ಇತಿಹಾಸ ಕಲಿಸುತ್ತದೆ. ಮುಂದಿನ ಅಧ್ಯಯನಗಳಿಗೂ, ನಾಳಿನ ಸುದ್ದಿ ಬರೆಯುವವರಿಗೂ ಆ ಪ್ರಶ್ನೆಯೇ ಅಳತೆಗೋಲಾಗಬೇಕು.