ಕೂಗಿದ ಮಾತಿನ ಋಣ

ಐವತ್ತೆರಡು ಎಲೆಗಳನ್ನು ನಾಲ್ವರಿಗೆ ಸಮನಾಗಿ ಹಂಚಿ, ಎದುರುಬದುರಾಗಿ ಕುಳಿತ ಇಬ್ಬಿಬ್ಬರು ಜೊತೆಗಾರರಾಗಿ ಆಡುವ ಪದ್ಧತಿಯು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ವಿಸ್ಟ್ ಎಂಬ ಹೆಸರಿನಿಂದ ನೆಲೆಗೊಂಡಿದ್ದಿತು; 1742ರಲ್ಲಿ ಎಡ್ಮಂಡ್ ಹಾಯ್ಲ್ ಎಂಬಾತನು ಅದರ ಮೇಲೆ ಒಂದು ಕಿರುಗ್ರಂಥವನ್ನೇ ಪ್ರಕಟಿಸಿದನು. ಆ ಆಟದಲ್ಲಿ ಮಾತಿಗೆ ಸ್ಥಾನವಿರಲಿಲ್ಲ. ಹಂಚುವವನ ಕಟ್ಟಕಡೆಯ ಎಲೆ ಯಾವ ಜಾತಿಯದೋ ಅದೇ ಉಳಿದ ಜಾತಿಗಳನ್ನೆಲ್ಲ ಮೀರುವ ತುರುಫು. ಆಟಗಾರನ ವಿವೇಕವೆಲ್ಲ ಎಲೆ ಇಳಿಸುವುದರಲ್ಲಿಯೇ ವ್ಯಕ್ತವಾಗಬೇಕಾಗಿದ್ದಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದ ಬ್ರಿಜ್ ಆಟದಲ್ಲಿ ತುರುಫನ್ನು ಆರಿಸುವ ಅಧಿಕಾರವು ಹಂಚಿದವನಿಗೂ ಅವನ ಜೊತೆಗಾರನಿಗೂ ದೊರೆಯಿತು; ಮುಂದಿನ ಶತಮಾನದ ಮೊದಲ ದಶಕದಲ್ಲಿ ಅದೇ ಆಟವು ನಾಲ್ವರೂ ಹರಾಜಿನಂತೆ ಸವಾಲು ಕೂಗಬಹುದಾದ ಆಕ್ಷನ್ ಬ್ರಿಜ್ ಆಯಿತು.

ಹೀಗೆ ಮಾತು ಬಂದಿತು. ಆದರೆ ಮಾತಿಗೆ ಋಣ ಬರಲಿಲ್ಲ. ಎಂಟು ಟ್ರಿಕ್ಕುಗಳ (ನಾಲ್ವರೂ ಒಂದೊಂದು ಎಲೆ ಇಳಿಸುವ ಸುತ್ತುಗಳ) ಸವಾಲು ಕೂಗಿ ಹತ್ತನ್ನು ಗೆದ್ದವನಿಗೆ ಹತ್ತರ ಎಣಿಕೆಯೂ ಗೇಮಿಗೆ, ಅಂದರೆ ಗೆಲುವಿಗೆ ಬೇಕಾದ ನಿಗದಿತ ಅಂಕಮೊತ್ತಕ್ಕೆ, ಸಲ್ಲುತ್ತಿದ್ದುದರಿಂದ, ಎದುರಾಳಿಗಳು ಸುಮ್ಮನಾದೊಡನೆ ತಾನೂ ಸುಮ್ಮನಾಗುವುದೇ ಜಾಣತನವೆನಿಸಿದ್ದಿತು. ಕೈಯಲ್ಲಿರುವ ಬಲವನ್ನು ಜೊತೆಗಾರನಿಗೆ ಪೂರ್ತಿಯಾಗಿ ತಿಳಿಸುವ ಅಗತ್ಯವೇ ಅಲ್ಲಿರಲಿಲ್ಲ. ಕೂಗಿದಷ್ಟು ಮಾತ್ರವೇ ಗೇಮಿಗೆ ಸಲ್ಲತಕ್ಕುದೆಂಬ ಕಟ್ಟುನಿಟ್ಟನ್ನು ಬಳಕೆಗೆ ತಂದದ್ದು ಪ್ಲಾಫೋನ್ ಎಂಬ ಫ್ರೆಂಚ್ ಆಟ.

ಈ ಕಟ್ಟುನಿಟ್ಟಿಗೆ ತಕ್ಕ ಫಲವನ್ನು ಜೋಡಿಸಿದ ಕೀರ್ತಿ ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟನಿಗೆ ಸಲ್ಲುತ್ತದೆ. ಅವನು 1925ರ ಶರತ್ಕಾಲದಲ್ಲಿ ಲಾಸ್ ಏಂಜಲೀಸಿನಿಂದ ಪನಾಮಾ ಕಾಲುವೆಯ ಮಾರ್ಗವಾಗಿ ಹವಾನಕ್ಕೆ ಹೊರಟಿದ್ದ ಫಿನ್‌ಲೆಂಡ್ ಎಂಬ ಹಡಗಿನಲ್ಲಿ, ಮೂವರು ಮಿತ್ರರೊಡನೆ ಆಡುತ್ತ ತಾನು ರೂಪಿಸಿದ ಹೊಸ ಲೆಕ್ಕವನ್ನು ಪರೀಕ್ಷಿಸಿದನು. ಹನ್ನೆರಡು ಟ್ರಿಕ್ಕುಗಳ ಸಣ್ಣ ಸ್ಲ್ಯಾಮನ್ನೂ ಹದಿಮೂರರ ದೊಡ್ಡ ಸ್ಲ್ಯಾಮನ್ನೂ ಮುಂಚಿತವಾಗಿ ಕೂಗಿ ಸಾಧಿಸಿದವರಿಗೆ ಅವನು ಭಾರಿ ಬಹುಮಾನವಿಟ್ಟನು; ಒಮ್ಮೆ ಗೇಮ್ ಗೆದ್ದ ಜೋಡಿಯು ಮುಂದೆ ಆಡಿದ ಮಾತಿಗೆ ತಪ್ಪಿದರೆ ಹೆಚ್ಚಿನ ದಂಡ ತೆರುವಂತೆ ಮಾಡಿದನು. ಆ ಸ್ಥಿತಿಗೆ 'ವಲ್ನರಬಲ್' ಎಂಬ ಹೆಸರನ್ನು ಸೂಚಿಸಿದವಳು ಅದೇ ಹಡಗಿನಲ್ಲಿ ಪಯಣಿಸುತ್ತಿದ್ದ ಒಬ್ಬ ತರುಣಿ.

ಕೆಲವು ಅಂಕಿಗಳ ಈ ಬದಲಾವಣೆಯು ಆಟದ ಸ್ವಭಾವವನ್ನೇ ಮಾರ್ಪಡಿಸಿತು. ಸವಾಲೆಂಬುದು ಹರಾಜಿನ ಬೆಲೆಯಾಗಿದ್ದುದು ಹೋಗಿ, ಒಬ್ಬರ ಕೈ ಇನ್ನೊಬ್ಬರಿಗೆ ಕಾಣದ ಇಬ್ಬರ ನಡುವಣ ಸಂಭಾಷಣೆಯಾಯಿತು. ಸಣ್ಣ ಸ್ಲ್ಯಾಮಿನಲ್ಲಿ ಲಾಭವೂ ನಷ್ಟವೂ ಹೆಚ್ಚುಕಡಮೆ ಸಮವಾಗಿರುವುದರಿಂದ ಗೆಲುವಿನ ಸಂಭವ ಅರ್ಧದಷ್ಟಿದ್ದರೂ ಕೂಗಬಹುದು. ದೊಡ್ಡ ಸ್ಲ್ಯಾಮಿಗಾದರೋ ಮೂರರಲ್ಲಿ ಎರಡು ಪಾಲಿನಷ್ಟು ಭರವಸೆ ಬೇಕು. ಮಾತು ಕೊಟ್ಟಮೇಲೆ ಅದನ್ನು ಉಳಿಸಿಕೊಳ್ಳುವ ವಿವೇಕವೂ ಅಷ್ಟೇ ಸೂಕ್ಷ್ಮವಾದುದು. ತುರುಫಿಲ್ಲದ ಒಪ್ಪಂದದಲ್ಲಿ ಒಂದೇ ಒಂದು ಟ್ರಿಕ್ಕು ಕೊರತೆಯಾಗಿದೆಯೆನ್ನೋಣ. ರಾಜನು ಅನುಕೂಲವಾದ ಎದುರಾಳಿಯ ಕೈಯಲ್ಲಿರುವನೆಂದು ನಂಬಿ ರಾಣಿಯನ್ನು ಇಳಿಸುವ ಫಿನೆಸ್ ನೂರಕ್ಕೆ 50 ಸಲ ಫಲಿಸುತ್ತದೆ. ಆದರೆ ಇನ್ನೊಂದು ಜಾತಿಯಲ್ಲಿ ತನಗೂ, ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟ ಜೊತೆಗಾರನಾದ ಡಮ್ಮಿಗೂ ಸೇರಿ ಏಳು ಎಲೆಗಳಿದ್ದು ಎಕ್ಕ, ರಾಜ, ರಾಣಿಗಳು ತನ್ನವೇ ಆಗಿದ್ದರೆ, ಜಾಣನು ಮೊದಲು ಆ ಮೂರನ್ನು ಇಳಿಸಿ ನೋಡುತ್ತಾನೆ. ಎದುರಾಳಿಗಳ ಆರು ಎಲೆಗಳು ಮೂರು ಮೂರಾಗಿ ಒಡೆದಿರುವ ಸಂಭವ ನೂರಕ್ಕೆ ಸುಮಾರು 36. ಒಡೆದಿದ್ದರೆ ನಾಲ್ಕನೆಯ ಸಣ್ಣ ಎಲೆಯೇ ಗೆಲ್ಲುತ್ತದೆ, ಇಲ್ಲವಾದರೆ ಫಿನೆಸ್ ಹೇಗೂ ಉಳಿದೇ ಇರುತ್ತದೆ. ಕೇವಲ ಅನುಕ್ರಮದ ವಿವೇಕದಿಂದ 50 ಎಂಬುದು 68ರ ಸಮೀಪಕ್ಕೆ ಏರುತ್ತದೆ!

ಈ ಹೊಸ ಭಾಷೆಗೆ ವ್ಯಾಕರಣ ಬರೆಯಲು ಹಲವರು ಹೊರಟರು. 1930ರಲ್ಲಿ ತನ್ನ 'ಬ್ಲೂ ಬುಕ್' ಪ್ರಕಟಿಸಿದ ಈಲಿ ಕಲ್ಬರ್ಟ್‌ಸನ್ನನಿಗೂ ಅವನ ಪದ್ಧತಿಯನ್ನೊಪ್ಪದ ಸಿಡ್ನಿ ಲೆಂಜನಿಗೂ 1931ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಆರಂಭವಾದ ಪಂದ್ಯವು 150 ರಬ್ಬರುಗಳವರೆಗೆ (ಎರಡು ಗೇಮ್ ಗೆದ್ದವರಿಗೆ ಸಲ್ಲುವ ಸರಣಿಗಳವರೆಗೆ) ಸಾಗಿ, ಮರುತಿಂಗಳು ಕಲ್ಬರ್ಟ್‌ಸನ್ನನ 8,980 ಅಂಕಗಳ ಗೆಲುವಿನಲ್ಲಿ ಮುಗಿಯಿತು. ಅವನು ಬಹುಪಾಲು ತನ್ನ ಪತ್ನಿ ಜೋಸೆಫೀನಳನ್ನು ಎದುರಿಗೆ ಕುಳ್ಳಿರಿಸಿಕೊಂಡು ಆಡಿದನು. ಲೆಂಜನ ಜೊತೆಗಾರನಾದ ಆಸ್ವಾಲ್ಡ್ ಜಾಕೋಬಿಯಾದರೋ ಮುಂದೆ ಜಗತ್ಪ್ರಸಿದ್ಧನಾದ ತರುಣ. ಅವನು ಎಲೆ ಇಳಿಸಿದ ರೀತಿಯನ್ನು ಲೆಂಜನು ಆಕ್ಷೇಪಿಸಲು, 103 ರಬ್ಬರುಗಳು ಮುಗಿದಾಗ ಪಂದ್ಯವನ್ನೇ ತೊರೆದು ಎದ್ದುಹೋದನು.

ಎರಡು ಪದ್ಧತಿಗಳಲ್ಲಿ ಯಾವುದು ಮೇಲೆಂಬುದು ಆ ಅಂಕಗಳಿಂದ ನಿರ್ಣಯವಾಯಿತೆಂದು ನಾನು ಹೇಳಲಾರೆನು. ಆದರೆ ಆ ಬರಿದಾದ ಕುರ್ಚಿಯು ಆಟದ ಮರ್ಮವನ್ನು ಅಂಕಗಳಿಗಿಂತ ಸ್ಪಷ್ಟವಾಗಿ ತಿಳಿಸುತ್ತದೆ. ವ್ಯಾಂಡರ್‌ಬಿಲ್ಟನು ಮಾತಿಗೆ ಋಣವನ್ನು ಹೊರಿಸಿದಂದಿನಿಂದ, ಒಬ್ಬನು ಕೂಗಿದುದನ್ನು ಇಬ್ಬರೂ ತೀರಿಸಬೇಕಾಗಿದೆ. ಎದುರಿಗೆ ಕುಳಿತವನು ತನ್ನನ್ನು ನಂಬುತ್ತಾನೆಂಬ ಧೈರ್ಯವಿಲ್ಲದವನ ಕೈಯಲ್ಲಿ ನಾಲ್ಕು ಎಕ್ಕಗಳಿದ್ದರೂ ಅವು ಬರಿಯ ಎಲೆಗಳೇ.